ಯಾರ ಕೈಯಿಂದ ಯಾರ ಕೈಗೆ

ಡಬ್ಬಿ ನಿಮ್ಮ ಕೈಗೆ ಬಂದಾಗ ಗಂಟೆ ಎಷ್ಟಾಗಿತ್ತು ಎಂದು ಲ್ಯಾಬಿನ ಕೌಂಟರಿನಲ್ಲಿದ್ದ ಹುಡುಗಿ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅಣ್ಣನ ಚಪ್ಪಲಿಗಳು. ಒಂದು ಅವನದೇ, ಕಂದು ಬಣ್ಣದ್ದು. ಇನ್ನೊಂದು ಯಾರದೋ, ಕರಿಯದು, ಉಂಗುಟ ಹರಿದು ಪಿನ್ನು ಚುಚ್ಚಿದ್ದು. ಆಪರೇಷನ್ ಕೋಣೆಯ ಹೊರಗೆ ಬಿಟ್ಟಿದ್ದವುಗಳಲ್ಲಿ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಬಂದು ಅವನು ನನ್ನ ಕೈಯಲ್ಲಿ ಡಬ್ಬಿ ಇಟ್ಟಿದ್ದ. ಕಣ್ಣು ಕೆಂಪಾಗಿದ್ದವು. "ತಗೋ, ಲಗೂ ಹೋಗು" ಅಂದಿದ್ದ. ಇಷ್ಟೆಲ್ಲ ನೆನಪಿದೆ. ಗಂಟೆ ಮಾತ್ರ ಇಲ್ಲ.

"ಕರೆಂಟ್ ಹೋಗಿ ಬಂದ ಮ್ಯಾಲ, ಯವ್ವಾ" ಅಂದೆ.

"ಅಕ್ಕಾರ, ಕರೆಂಟ್ ನಿಮ್ಮ ಕಡೆ ಒಂದು ಹೊತ್ತಿಗೆ ಹೋಗತೈತಿ, ನಮ್ಮ ಕಡೆ ಇನ್ನೊಂದು ಹೊತ್ತಿಗೆ. ಗಡಿಯಾರದ ಲೆಕ್ಕದಾಗ ಹೇಳ್ರಿ."

ನನಗೆ ನಾಚಿಕೆಯಾಯಿತು. ಮನೆಯಲ್ಲಿ ನೆನಪಿಡುವ ಕೆಲಸ ನನ್ನದೇ. ಬೆಂಗೇರಿಯ ನಮ್ಮ ಓಣಿಯಲ್ಲಿ ಹೋದ ಸಲ ನಲ್ಲಿ ನೀರು ಯಾವ ವಾರ ಬಂತು, ಈಗಿನ ಸಿಲಿಂಡರ್ ಹಚ್ಚಿದ್ದು ಯಾವಾಗ, ಹಾಲಿನವ ಬರದ ದಿನ ಯಾವುದು ಎಂದು ಅಕ್ಕಪಕ್ಕದವರೂ ನನ್ನನ್ನೇ ಕೇಳುತ್ತಾರೆ. ಆ ದಿನ ಬೆಳಿಗ್ಗೆ ಏನು ಪಲ್ಯ ಮಾಡಿದ್ದೆ ಎಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಹೀರೇಕಾಯಿ. ಆದರೆ ಆ ಹುಡುಗಿಗೆ ಹೀರೇಕಾಯಿ ಬೇಕಾಗಿರಲಿಲ್ಲ.

ಡಬ್ಬಿಯಲ್ಲಿ ಇದ್ದದ್ದು ನಮ್ಮ ವೈನಿಯ ಮೈಯೊಳಗಿಂದ ತೆಗೆದ ಒಂದು ತುಣುಕು. ವೈನಿ ಅಂದರೆ ಅಣ್ಣನ ಹೆಂಡತಿ. ಕಮರಿಪೇಟೆಯ ನಮ್ಮ ತವರುಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ಎಡಗಡೆಯ ಎದೆಯಲ್ಲಿ ಗಂಟು ಇದ್ದದ್ದು ಅವರಿಗೇ ಮೊದಲು ತಿಳಿಯಿತು. ಸೂಜಿ ಚುಚ್ಚಿ ನೋಡಿದ್ದಾಯಿತು, ಅದು ಕೆಟ್ಟ ಗಂಟೇ ಎಂದು ಗೊತ್ತಾಯಿತು, ಗೋಕುಲ ರಸ್ತೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ನಿಗದಿಯಾಯಿತು. ಡಾಕ್ಟರು ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು: ಗಂಟನ್ನು ಅದರ ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದ ಸಮೇತ ತೆಗೆಯುತ್ತೇವೆ. ಲ್ಯಾಬಿನವರು ಅದರ ಅಂಚನ್ನು ನೋಡುತ್ತಾರೆ. ಅಂಚಿನವರೆಗೂ ರೋಗ ಬಂದಿಲ್ಲ ಎಂದರೆ ಕೊಯ್ಯುವ ಕೆಲಸ ಮುಗಿಯಿತು, ಮುಂದಿನದು ಔಷಧ. ಬಂದಿದೆ ಎಂದರೆ ಮತ್ತೊಮ್ಮೆ ಮಲಗಬೇಕು, ಈ ಸಲ ಎದೆ ಪೂರ್ತಿ ತೆಗೆಯಬೇಕಾದೀತು.

ವೈನಿ ಇದನ್ನು ನಮಗಿಂತ ಮೊದಲು ತಿಳಿದುಕೊಂಡರು. "ಹೊಲಿಗಿ ಬಿಟ್ಟು ಕತ್ತರಸ್ತೀವಲ್ಲ, ಹಂಗ. ಒಳಗ ಬಟ್ಟಿ ಬಿಟ್ಟಿದ್ರ ನಿಶ್ಚಿಂತಿ. ಗೆರಿ ಮ್ಯಾಲ ಕತ್ತರಿ ಹಾಕಿದ್ರ ಕೆಲಸ ಕೆಟ್ಟಂಗ." ಹೇಳಿ ನಕ್ಕರು. ಮೆಟ್ಟಿಲು ಇಳಿಯುವಾಗ ಮಾತ್ರ ನನ್ನ ಮೊಣಕೈ ಹಿಡಿದು, "ಒಮ್ಮೆ ಮಲಕೊಂತೇನಿ. ಇನ್ನೊಮ್ಮೆ ಅಂದ್ರ ನನ್ನ ಕೈಲೆ ಆಗೂದಿಲ್ಲ, ಮೊದಲ ಹೇಳಿರ್ತೇನಿ" ಅಂದರು. ಆ ಹಿಡಿತ ಬಿಗಿಯಾಗಿತ್ತು.

ಆ ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಇರಲಿಲ್ಲ. ನಮ್ಮ ಕಡೆ ಇಂಥಲ್ಲಿ ತುಣುಕನ್ನು ಡಬ್ಬಿಗೆ ಹಾಕಿ ಮನೆಯವರ ಕೈಗೇ ಕೊಡುತ್ತಾರೆ, ಮನೆಯವರು ಒಯ್ದು ಮುಟ್ಟಿಸುತ್ತಾರೆ. ಅಣ್ಣ ವೈನಿಯ ಹತ್ತಿರ ಇರಬೇಕಿತ್ತು, ಅವ್ವನಿಗೆ ವಯಸ್ಸಾಗಿದೆ, ಹೀಗಾಗಿ ನಾನು ಹೊರಟೆ. ಡಬ್ಬಿಯನ್ನು ಯಾತರಲ್ಲಿ ಒಯ್ಯಬೇಕೆಂದು ಯಾರೂ ಹೇಳಲಿಲ್ಲ. ನನ್ನ ಹತ್ತಿರ ಇದ್ದದ್ದು ಗಿರಣಿಗೆ ಜೋಳ ಒಯ್ಯುವ ಬಟ್ಟೆಯ ಚೀಲ. ಅದರಲ್ಲಿ ಇಟ್ಟುಕೊಂಡು, ಚೀಲವನ್ನು ತೊಡೆಯ ಮೇಲೆ ಹಿಡಿದು ಧಾರವಾಡದ ಕಡೆ ಹೋಗುವ ಚಿಗರಿ ಎಂಬ ಎ.ಸಿ. ಬಸ್ಸಿನಲ್ಲಿ ಕೂತಿದ್ದೆ. ಪಕ್ಕದ ಹೆಣ್ಣುಮಗಳು, "ಬಿಸಿ ಬಿಸಿ ಹಿಟ್ಟೇನ್ರಿ?" ಎಂದು ಕೇಳಿದಳು. ಹೂಂ ಅಂದೆನೋ ಉಹೂಂ ಅಂದೆನೋ.

ಈಗ ಈ ಹುಡುಗಿ ಕೇಳುವ ಪ್ರಶ್ನೆಗಳು ಒಂದೆರಡಲ್ಲ. ಮೈಯಿಂದ ಹೊರಗೆ ಬಂದದ್ದು ಎಷ್ಟು ಹೊತ್ತಿಗೆ. ಅದನ್ನು ಆಸ್ಪತ್ರೆಯ ಸಿಸ್ಟರ್ ಬರೆದಿದ್ದರು. ಫಾರ್ಮಲಿನ್ ಎಂಬ ಆ ಕಣ್ಣುರಿಯುವ ನೀರಿನಲ್ಲಿ ಮುಳುಗಿಸಿದ್ದು ಎಷ್ಟು ಹೊತ್ತಿಗೆ. ಅದನ್ನೂ ಬರೆದಿದ್ದರು. ಆಮೇಲಿನದು ನನ್ನ ಪಾಲಿನದು. ಯಾರ ಕೈಯಿಂದ ಯಾರ ಕೈಗೆ ಬಂತು, ನಡುವೆ ಎಲ್ಲಿ ಇತ್ತು, ಬಿಸಿಲಿನಲ್ಲೋ ನೆರಳಿನಲ್ಲೋ, ಯಾತರಲ್ಲಿ ತಂದಿರಿ, ಯಾರಾದರೂ ತೆರೆದಿದ್ದರೇ.

"ಬಸ್ಸಿನ್ಯಾಗ ಎ.ಸಿ. ಇತ್ತು. ಇಳದ ಮ್ಯಾಲ ಬಿಸಲು. ಅಲ್ಲಿಂದ ಇಲ್ಲಿತನಕ ಸೆರಗು ಮುಚ್ಚಿಕೊಂಡು ಬಂದೇನಿ" ಅಂದೆ.

"ಸೆರಗು ಅಂತ ಎಲ್ಲಿ ಬರೀಲ್ರಿ ಅಕ್ಕಾರ?" ಹುಡುಗಿ ತಲೆ ಕೆರೆದುಕೊಂಡಳು. "ಜಾಗಾನ ಇಲ್ಲ. 'ನೆರಳು' ಅಂತ ಬರೀತೇನಿ. ಡಬ್ಬಿ ಯಾರೂ ತೆಗೆದಿಲ್ಲಲ್ಲ?"

ಮುಚ್ಚಳದ ಸುತ್ತ ಬಿಳಿ ಪಟ್ಟಿ ಅಂಟಿಸಿತ್ತು. ಅದನ್ನು ತೋರಿಸಿ, "ಇಲ್ಲವ್ವಾ, ನೋಡು" ಅಂದೆ. ಅವಳು ಹಾಗೆಯೇ ಬರೆದಳು. ಕೊನೆಗೆ ಅವಳ ಕರುಣೆಯಿಂದ ನನ್ನ ಗಂಟೆಯೂ ಸಿಕ್ಕಿತು: ಬಸ್ಸಿನ ಟಿಕೇಟು ಪರ್ಸಿನಲ್ಲಿತ್ತು, ಅದರ ಮೇಲೆ ಹೊತ್ತು ಅಚ್ಚಾಗಿತ್ತು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದೆವು.

"ಇಷ್ಟೆಲ್ಲ ಯಾಕ ಕೇಳತೀಯವಾ? ನಾ ಏನು ಕದ್ದು ತಂದೇನೇನು?"

ಅವಳು ಪೆನ್ನು ಕೆಳಗಿಟ್ಟಳು. "ಹಂಗಲ್ರಿ. ನಿಮ್ಮ ವೈನ್ಯಾರು, ಉಳಿದದ್ದನ್ನ ಅಭ್ಯಾಸಕ್ಕ ಇಟ್ಟಕೋರಿ ಅಂತ ಸಹಿ ಮಾಡ್ಯಾರ. ನಾಳೆ ಯಾರರ ಇದನ್ನ ತಗದು ನೋಡಿದ್ರ, ಇದು ಬಿಸಲಾಗ ಇತ್ತೋ ಥಂಡ್ಯಾಗ ಇತ್ತೋ ಗೊತ್ತಿರಬೇಕು. ಇಲ್ಲಾಂದ್ರ ಬಿಸಲು ಮಾಡಿದ್ದನ್ನ ರೋಗ ಮಾಡೇತಿ ಅಂತ ಬರದಬಿಡ್ತಾರ."

ಆ ಮಾತು ನನಗೆ ಹಿಡಿಸಿತು. ಬಿಸಿಲು ಮಾಡಿದ್ದು ಯಾವುದು, ರೋಗ ಮಾಡಿದ್ದು ಯಾವುದು. ಬಸ್ಸಿನಲ್ಲಿ ತಿರುಗಿ ಬರುವಾಗ ಅದನ್ನೇ ಹೇಳಿಕೊಳ್ಳುತ್ತ ಬಂದೆ.

ಸಂಜೆ ಆಸ್ಪತ್ರೆಯಲ್ಲಿ ವೈನಿಗೆ ಎಚ್ಚರವಾಗಿತ್ತು. ಅವ್ವ ಕಾಲ ಹತ್ತಿರ ಕೂತು ಅಡಿಕೆ ಕತ್ತರಿಸುತ್ತಿದ್ದಳು. ವೈನಿಯ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಎದ್ದು ಕಾಣುತ್ತಿತ್ತು. ಅವ್ವನ ಚಂಚಿಯಲ್ಲಿ, ಅಂದರೆ ಅವಳ ಎಲೆ-ಅಡಿಕೆಯ ಬಟ್ಟೆಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲೇ ವಿಭೂತಿಯ ಗಟ್ಟಿಯೊಂದು ಯಾವಾಗಲೂ ಇರುತ್ತದೆ.

"ಮುಟ್ಟಿಸಿ ಬಂದೆಯೇನ?" ವೈನಿ ಕೇಳಿದರು.

"ಹೂಂ ರಿ. ಪೊಲೀಸರ ಹಂಗ ಕೇಳಿದ್ರು."

"ಎಷ್ಟ ದೊಡ್ಡದಿತ್ತ?"

ನನಗೆ ಗೊತ್ತಿರಲಿಲ್ಲ. ಡಬ್ಬಿ ಮಸುಕು ಪ್ಲಾಸ್ಟಿಕ್ಕಿನದು, ಒಳಗಿನದು ಕಾಣುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಅಣ್ಣ ಹೇಳಿದ: "ಲಿಂಬಿಹಣ್ಣಿಗಿಂತ ಒಂದೀಟು ದೊಡ್ಡದು. ಎರಡು ಕರೀ ದಾರ ಕಟ್ಯಾರ ಅದಕ್ಕ. ಒಂದು ಗಿಡ್ಡ, ಒಂದು ಉದ್ದ."

"ಯಾಕಂತ ದಾರ?"

"ಯಾವ ಕಡೆ ಮ್ಯಾಲ, ಯಾವ ಕಡೆ ಬಗಲಿನ ಬಾಜು ಅಂತ ಲ್ಯಾಬಿನವರಿಗೆ ತಿಳೀಲಿ ಅಂತ. ಸಿಸ್ಟರ್ ಹೇಳಿದ್ರು."

ವೈನಿ ಮುಚ್ಚಿದ ಕಣ್ಣಿನಲ್ಲೇ ನಕ್ಕರು. "ನೋಡು, ನಾನೂ ತೋಳಿನ ತುಂಡಿಗೆ ಎಡಾ-ಬಲಾ ಗೊತ್ತಾಗಲಿ ಅಂತ ದಾರಾನ ಹಾಕ್ತೇನಿ. ಡಾಕ್ಟರಿಗೂ ನನ್ನ ಬುದ್ಧೀನ."

ಆಗ ನನಗೆ ಅಣ್ಣನ ಮಾತಿನಲ್ಲಿ ಏನೋ ಒಂದು ಕೂಡಿಬರಲಿಲ್ಲ. ಏನೆಂದು ತಿಳಿಯಲಿಲ್ಲ. ಹಾಲು ಕಾಯಿಸಲು ಇಟ್ಟು ಬಂದೆನೇನೋ ಎಂಬಂಥ ಕಸಿವಿಸಿ. ಮನೆಗೆ ಹೋಗಿ ಒಲೆ ನೋಡಿದೆ, ಒಲೆ ಆರಿತ್ತು.

ವೈನಿಯನ್ನು ಮನೆಗೆ ಕರೆತಂದೆವು. ರಿಪೋರ್ಟ್ ಬರಬೇಕಾದ ದಿನ ಬರಲಿಲ್ಲ. ಮರುದಿನ ಲ್ಯಾಬಿನ ಹುಡುಗಿ ನನಗೆ ಫೋನ್ ಮಾಡಿದಳು. ಡಬ್ಬಿ ತಂದವಳೆಂದು ನನ್ನ ನಂಬರು ಬರೆದುಕೊಂಡಿದ್ದಳಲ್ಲ. "ಅಕ್ಕಾರ, ಡಾಕ್ಟರ್ ಬಾಯಾರು ನಿಮ್ಮ ಕೂಡ ಮಾತಾಡಬೇಕಂತ. ಬಂದು ಹೋಗ್ರಿ."

ಅಣ್ಣನಿಗೆ ಹೇಳಲಿಲ್ಲ. ವೈನಿಗಂತೂ ಇಲ್ಲವೇ ಇಲ್ಲ.

ಡಾಕ್ಟರ್ ಬಾಯಿ, ಅಂದರೆ ಲ್ಯಾಬಿನ ಡಾಕ್ಟರಮ್ಮ, ನನ್ನ ವಾರಿಗೆಯವರು, ಕನ್ನಡಕದ ದಾರ ಕೊರಳಲ್ಲಿ. ಕುರ್ಚಿ ಎಳೆದು ಕೊಟ್ಟು ನಿಧಾನವಾಗಿ ಹೇಳಿದರು. ತುಣುಕಿನ ಹೊರಮೈಗೆ ಮೊದಲು ಬಣ್ಣ ಹಚ್ಚುತ್ತಾರೆ, ಅದೇ ಅಂಚಿನ ಗುರುತು. ಆಮೇಲೆ ಸಣ್ಣ ಹೋಳು ಮಾಡಿ, ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲಿಟ್ಟು ನೋಡುತ್ತಾರೆ. ಮೂರು ಕಡೆ ಅಂಚು ಸ್ವಚ್ಛವಾಗಿದೆ. ನಾಲ್ಕನೆಯ ಕಡೆ, ಗಿಡ್ಡ ದಾರದ ಹತ್ತಿರ, ಸಣ್ಣ ಸಣ್ಣ ಹರಳಿನಂಥ ಕಣಗಳಿವೆ. ಅಲ್ಲಿ ಬಣ್ಣ ಸರಿಯಾಗಿ ಹಿಡಿದಿಲ್ಲ.

"ಇಂಥಾ ರೋಗದಾಗ ಒಮ್ಮೊಮ್ಮೆ ಮೈಯಾಗ ಸುಣ್ಣದ ಕಣ ಕೂತಿರತಾವ. ಅವು ಒಳಗಿನ ಕಣ ಅಂದ್ರ, ರೋಗ ಅಂಚಿಗೆ ಹತ್ತೇತಿ ಅಂತ ಸಂಶಯ ಪಡಬೇಕಾಗತೈತಿ. ಆದ್ರ ಮೊದಲು ತಗದ ಎಕ್ಸರೇದಾಗ ಇಂಥಾವು ಇಲ್ಲ. ಹೊರಗಿಂದ ಏನರ ಬಿತ್ತೋ ಏನೋ. ನೀವು ಡಬ್ಬಿ ಹೆಂಗ ತಂದ್ರಿ?"

ಚೀಲ!

"ಡಾಕ್ಟರ, ಗಿರಣಿ ಚೀಲದಾಗ ತಂದೇನ್ರಿ. ಜೋಳದ ಹಿಟ್ಟಿಂದು. ಜಾಡಿಸಿದ್ದೆ, ಆದ್ರ ಹಿಟ್ಟು ಹೊಲಿಗ್ಯಾಗ ಕೂತಿರತೈತಿ."

ಅವರು ನಗಲಿಲ್ಲ, ಅದು ನನಗೆ ಸಮಾಧಾನ. "ಹಿಟ್ಟಲ್ರಿ. ಹಿಟ್ಟು ಇದ್ರ ಒಂದು ವಿಶೇಷ ಬೆಳಕಿನ್ಯಾಗ ನಡುವ ಅಡ್ಡಗೆರಿ-ಉದ್ದಗೆರಿ ಹಾಕಿದಂಗ ಮಿಂಚತೈತಿ. ಕೈಚೀಲದ ಪೌಡರೂ ಹಂಗ. ಅದನ್ನ ನೋಡೇನಿ, ಇದು ಹಂಗ ಇಲ್ಲ. ಅದೂ ಅಲ್ಲದ ಪಟ್ಟಿ ಅಂಟಿಸಿತ್ತಲ್ಲ, ಹಿಟ್ಟು ಒಳಗ ಹೆಂಗ ಹೋಗತೈತಿ? ಪಟ್ಟಿ ಅಂಟಿಸೂಕಿಂತ ಮೊದಲ ಯಾರರ ತೆಗದಿದ್ರೇನು?"

ಕೈಚೀಲದ ಪೌಡರು ಅಂದರೆ ಆಪರೇಷನ್ನಿಗೆ ಹಾಕಿಕೊಳ್ಳುವ ರಬ್ಬರ್ ಕೈಚೀಲದ್ದು ಎಂದು ಹುಡುಗಿ ಆಮೇಲೆ ತಿಳಿಸಿ ಹೇಳಿದಳು. ಆ ಹೊತ್ತಿಗೆ ನಾನು ನನ್ನ ಚೀಲವನ್ನೇ ನೋಡುತ್ತ ಕೂತಿದ್ದೆ. ಹಿಟ್ಟಲ್ಲ ಎಂದಾಗ ಒಂದು ಭಾರ ಇಳಿಯಿತು, ಹಾಗಾದರೆ ಮತ್ತೇನು ಎಂದಾಗ ಇನ್ನೊಂದು ಏರಿತು.

"ತಿಳದ್ರ ಛಲೋ ಆಗತಿತ್ತು" ಅಂದರು ಡಾಕ್ಟರು. "ತಿಳೀಲಿಲ್ಲ ಅಂದ್ರ, ಈ ಕಡೆ ಅಂಚು ಖಾತ್ರಿ ಹೇಳಾಕ ಬರೂದಿಲ್ಲ ಅಂತ ಬರೀಬೇಕಾಗತೈತಿ. ಹಂಗ ಬರದ್ರ ನಿಮ್ಮ ಸರ್ಜನ್ ಏನು ಮಾಡ್ತಾರ ಅನ್ನೂದು ಅವರಿಗೆ ಬಿಟ್ಟದ್ದು."

ಏನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಮೊಣಕೈಯ ಮೇಲೆ ವೈನಿಯ ಹಿಡಿತ ಇನ್ನೂ ಇತ್ತು.

ಬಸ್ಸಿನಲ್ಲಿ ಕೂತಾಗ ಅಣ್ಣನ ಮಾತು ತಾನಾಗಿಯೇ ಬಂದು ಪಕ್ಕದಲ್ಲಿ ಕೂತಿತು. ಲಿಂಬೆಹಣ್ಣಿಗಿಂತ ದೊಡ್ಡದು. ಎರಡು ಕರೀ ದಾರ. ಡಬ್ಬಿ ಮಸುಕಾಗಿತ್ತು. ತೆರೆಯದೆ ದಾರ ಹೇಗೆ ಕಂಡಿತು?

ಕಮರಿಪೇಟೆಯ ಮನೆಯಲ್ಲಿ ವೈನಿ ಒಳಗೆ ಮಲಗಿದ್ದರು. ಮುಂದಿನ ಕೋಣೆಯಲ್ಲಿ ಮಷಿನಿನ ಮೇಲೆ ಹಳೆಯ ಸೀರೆ ಹೊದಿಸಿತ್ತು. ಅಣ್ಣ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ, ಅವ್ವ ಹೊಸ್ತಿಲ ಹತ್ತಿರ ಎಲೆಯ ತೊಟ್ಟು ಮುರಿಯುತ್ತಿದ್ದಳು. ನಾನು ದನಿ ಇಳಿಸಿ ಕೇಳಿದೆ.

"ಅಣ್ಣಾ, ಡಬ್ಬಿ ತಗದಿದ್ದಿಯೇನು?"

ಅವನು ಪೇಪರ್ ಮಡಿಸಿದ. ಮತ್ತೊಮ್ಮೆ ಬಿಚ್ಚಿದ. ಮತ್ತೆ ಮಡಿಸಿದ.

"ನೋಡಬೇಕನಿಸ್ತು" ಅಂದ. "ಮೂರು ತಿಂಗಳಿಂದ ಮನ್ಯಾಗ ಎಲ್ಲಾರೂ ಅದಕ್ಕ ಅಂಜಿ ಕುಂತೇವಿ. ಹೆಂಗೈತಿ ಅಂತ ನೋಡೂದೂ ಬ್ಯಾಡೇನು? ಮುಚ್ಚಳ ತಗದು ನೋಡಿದೆ, ಮತ್ತ ಹಾಕಿದೆ. ಸೋರೀತಂತ ಸಿಸ್ಟರ್ ಕಡೆ ಪಟ್ಟಿ ಇಸ್ಕೊಂಡು ಅಂಟಿಸಿದೆ. ಕೈ ಹಾಕಿಲ್ಲ, ದೇವರಾಣಿ."

"ಏನರ ಬಿತ್ತೇನು ಒಳಗ? ಸಿಗರೇಟಿನ ಬೂದಿ?"

"ಆಸ್ಪತ್ರ್ಯಾಗ ಸಿಗರೇಟ್ ಎಲ್ಲಿಂದ ತರ್ಲಿ? ಬಿಟ್ಟು ವರ್ಷ ಆತು!" ಅವನ ದನಿ ಏರಿತು.

"ಮತ್ತ ಕಣ್ಣು ಕೆಂಪಾಗಿದ್ವಲ್ಲ ನಿಂದು?"

"ಆ ನೀರಿನ ವಾಸನಿ ಕಣ್ಣಿಗೆ ಹೊಡೀತು."

ಅತ್ತಿದ್ದನೋ, ನೀರು ಹೊಡೆದದ್ದೋ, ಇವತ್ತಿಗೂ ನಾನು ತೀರ್ಮಾನಿಸಲಾರೆ. ಕೇಳಲೂ ಇಲ್ಲ. ಅಷ್ಟರಲ್ಲಿ ಅವ್ವ, ಎಲೆಗೆ ಸುಣ್ಣ ಸವರುತ್ತ, ತಲೆ ಎತ್ತದೆ ಅಂದಳು:

"ನೀ ತಗದು ನೋಡಿದಾಗ ಅದರ ಮ್ಯಾಲ ವಿಭೂತಿ ಇರಲಿಲ್ಲೇನ?"

ಇಬ್ಬರೂ ಅವಳ ಕಡೆ ತಿರುಗಿದೆವು.

"ಯಾವ ವಿಭೂತಿಬೇ?" ಅಣ್ಣ ಕೇಳಿದ.

"ನಾ ಹಚ್ಚಿದ್ನಲ್ಲ. ನೀ ಔಷಧ ತರಾಕಂತ ಕೆಳಗ ಹೋದಿ, ಡಬ್ಬಿ ನನ್ನ ಬಾಜೂಕ ಇಟ್ಟ ಹೋದಿ. ಆಕಿ ಹಣಿಗೆ ಹಚ್ಚೇ ಒಳಗ ಕಳಿಸಿದ್ದೆ. ಇದೂ ಆಕೀದ ಮೈ ಅಲ್ಲೇನು? ಅದೊಂದ ಹೊಂಟೈತಿ, ಎಲ್ಲಿಗೆ ಹೊಂಟೈತೋ ಯಾರ ಕೈಯಾಗ ಬೀಳತೈತೋ. ಬರೇ ಹೆಂಗ ಕಳಸೂದು? ನಮ್ಮ ಮನ್ಯಾಗಿಂದ ಏನು ಹೊರಗ ಹೋದ್ರೂ ವಿಭೂತಿ ಇಲ್ಲದ ಹೋಗಿಲ್ಲ, ನಿಮ್ಮಪ್ಪನೂ ಹೋಗಿಲ್ಲ. ಮೂರು ಬೊಟ್ಟು ಹಚ್ಚಾಕ ಬರಲಿಲ್ಲ, ನೀರಾಗಿತ್ತು. ಮ್ಯಾಲಿಂದ ಒಂದ ಚಿಟಿಕಿ ಬಿಟ್ಟೆ."

ಅಣ್ಣ ಪೇಪರ್ ಕೆಳಗಿಟ್ಟ. ಆಮೇಲೆ, "ಬೆಳ್ಳಗ ಏನೋ ಇತ್ತು ಖರೇ. ಒಳಗಿಂದು ಹಂಗ ಇರತೈತಿ ಅಂದ್ಕೊಂಡೆ" ಎಂದು ಗೊಣಗಿದ.

"ನೀ ಹೇಳಬಾರದೇನಬೇ?" ನಾನು ಕೇಳಿದೆ.

"ನನ್ನ ಯಾರು ಕೇಳಿದ್ರು?" ಅವ್ವ ಎಲೆ ಬಾಯಿಗಿಟ್ಟುಕೊಂಡಳು. "ಆ ನೀರು ಮಾತ್ರ ಭಾಳ ಕೆಟ್ಟ ವಾಸನಿ. ಮೂಗಿಗೆ ಸೆರಗು ಹಿಡಕೊಂಡೆ."

ನಾನು ಆ ದಿನ ಕೌಂಟರಿನ ಮುಂದೆ ನಿಂತು ಪಟ್ಟಿ ತೋರಿಸಿ, ಯಾರೂ ತೆರೆದಿಲ್ಲವೆಂದು ಎಷ್ಟು ಧೈರ್ಯದಿಂದ ಹೇಳಿದ್ದೆ! ಆ ಪಟ್ಟಿಯ ಹಿಂದೆ ನಮ್ಮ ಮನೆಯ ಅರ್ಧ ಮಂದಿ ಇದ್ದರು. ಯಾರ ಮೇಲೆ ಸಿಟ್ಟಾಗಬೇಕು? ಅವ್ವನ ಮೇಲೆ ಆಗಬೇಕೆಂದು ನೋಡಿದೆ, ಆಗಲಿಲ್ಲ. ವಿಭೂತಿಯಿಂದ ವೈನಿ ಮತ್ತೆ ಮಲಗಬೇಕಾಗಿ ಬಂದರೆ ಎಂದು ನೆನೆದರೆ ಸಿಟ್ಟು ಬರುತ್ತಿತ್ತು. ಎಲ್ಲಿಗೆ ಹೊಂಟಿದೆಯೋ ಎಂಬ ಮಾತು ನೆನೆದರೆ ಇಳಿಯುತ್ತಿತ್ತು. ಹೀಗೆ ಕೂತಲ್ಲೇ ಏರಿ ಇಳಿದೆ. ಕೊನೆಗೆ ಎದ್ದು ಲ್ಯಾಬಿಗೆ ಫೋನ್ ಮಾಡಿದೆ.

ಹುಡುಗಿಗೆ ಹೇಳಿದಾಗ "ತಡೀರಿ ಅಕ್ಕಾರ" ಅಂದಳು. ನಗು ತಡೆಯುತ್ತಿದ್ದಳೋ, ಬರೆಯುತ್ತಿದ್ದಳೋ. ಆಮೇಲೆ ಡಾಕ್ಟರ್ ಬಾಯಿ ಬಂದರು. "ವಿಭೂತಿ! ಹೌದಲ್ರಿ, ಅದರಾಗ ಸುಣ್ಣದ ಅಂಶ ಇರತೈತಿ" ಅಂದರು. "ಅದೇ ಗಟ್ಟಿ ಇನ್ನೂ ಐತೇನ್ರಿ? ಒಂದೀಟು ತಗೊಂಡು ಬರ್ರಿ. ಬಾಯಿಮಾತಿನ ಮ್ಯಾಲ ನನಗ ಬರಿಯಾಕ ಬರೂದಿಲ್ಲ. ಎರಡೂ ಹೋಲಿಸಿ ನೋಡಬೇಕು."

ಅವ್ವ ಗಟ್ಟಿ ಕೊಡಲು ಒಪ್ಪಲಿಲ್ಲ. ಅದು ಮಠದ್ದು. ಚಾಕುವಿನಿಂದ ಹೆರೆಯುವುದನ್ನೂ ಒಪ್ಪಲಿಲ್ಲ. ತಾನೇ ಅಂಗೈ ತೊಳೆದು, ಒರೆಸಿ, ಬೆರಳಿನಿಂದ ತಿಕ್ಕಿ ಪುಡಿ ಉದುರಿಸಿದಳು. ವೈನಿಯ ಮಷಿನಿನ ಖಾನೆಯಲ್ಲಿದ್ದ ಕಾಗದದಲ್ಲಿ ಪೊಟ್ಟಣ ಕಟ್ಟಿದೆ. ಈ ಸಲ ಗಿರಣಿ ಚೀಲ ಮುಟ್ಟಲಿಲ್ಲ. ಪೊಟ್ಟಣವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ, ಗಡಿಯಾರ ನೋಡಿಕೊಂಡೆ. ಬಸ್ ಹತ್ತುವಾಗ ನೋಡಿದೆ, ಇಳಿಯುವಾಗ ನೋಡಿದೆ. ಕೌಂಟರಿಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

ಹುಡುಗಿ ಕೈಮುಗಿದಳು. "ಅಕ್ಕಾರ, ಇದಕ್ಕ ಹೊತ್ತು ಬ್ಯಾಡ್ರಿ. ವಿಭೂತಿ ಕೆಡೂದಿಲ್ಲ."

ಆದರೂ ಬರೆಯಬೇಕಾದದ್ದು ಇತ್ತು. ಮೊದಲಿನ ಹಾಳೆ ತೆಗೆದಳು. 'ತೆರೆದಿಲ್ಲ' ಎಂದದ್ದರ ಮೇಲೆ ಒಂದು ಗೆರೆ ಎಳೆದು, ಅದನ್ನು ಓದಲು ಬರುವ ಹಾಗೆಯೇ ಉಳಿಸಿ, ಪಕ್ಕದಲ್ಲಿ ಸಹಿ ಮಾಡಿದಳು. ಅಳಿಸಬಾರದಂತೆ. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕಂತೆ. ಯಾರ ಕೈಯಿಂದ ಯಾರ ಕೈಗೆ ಎಂಬಲ್ಲಿ ಸಿಸ್ಟರ್, ನಾನು ಎಂದು ಎರಡೇ ಹೆಸರಿದ್ದವು. ಈಗ ನಡುವೆ ಅಣ್ಣ ಬಂದ, ಅವ್ವ ಬಂದಳು, ಮತ್ತೆ ಅಣ್ಣ ಬಂದ. ಜಾಗ ಸಾಲದೆ ಅಂಚಿನಲ್ಲಿ ಬರೆದಳು.

"ಅಜ್ಜೀನ ಹೆಸರಿನ ಮುಂದ ಏನಂತ ಬರೀಲ್ರಿ? ಏನು ಮಾಡಿದ್ರು ಅಂತ ಬರೀಬೇಕು. 'ಕಲಬೆರಕಿ' ಅಂತ ಬರದ್ರ ಅಜ್ಜಿಗೆ ಬೈದಂಗ ಆಗತೈತಿ."

"ಹಚ್ಚಿದ್ರು ಅಂತ ಬರಿ."

"ಹಚ್ಚಿಲ್ಲಲ್ರಿ, ನೀವ ಹೇಳಿದ್ರಿ. ಮ್ಯಾಲಿಂದ ಬಿಟ್ಟಾರ."

ಕೊನೆಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು: ಅತ್ತೆಯವರು ಒಂದು ಚಿಟಿಕೆ ವಿಭೂತಿ ಹಾಕಿದ್ದಾರೆ.

ಡಾಕ್ಟರ್ ಬಾಯಿ ಪೊಟ್ಟಣದ ಪುಡಿಯನ್ನು ಗಾಜಿನ ಮೇಲಿಟ್ಟು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಹರಳು ಹರಳು. ಇನ್ನೊಂದು ಗಾಜು ಇಟ್ಟರು: ಗುಲಾಬಿ ಬಣ್ಣದ ಬಟ್ಟೆಯಂಥದ್ದರ ಅಂಚಿಗೆ ಅವೇ ಹರಳು. ಆ ಗುಲಾಬಿ ನಮ್ಮ ವೈನಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕಣ್ಣು ಹಿಂದಕ್ಕೆ ತೆಗೆದೆ.

"ಒಂದ ಜಾತೀವು ಕಾಣತಾವ. ಹೊರಗಿಂದಾವ ಅಂತ ಈಗ ಹೇಳಬಹುದು" ಅಂದರು. "ಆದ್ರ ಅಂಚು ನೋಡಾಕ ಇನ್ನೂ ಒಳಗ ಹೆರೀಬೇಕು, ಬಾಜೂಕಿನ ಇನ್ನೊಂದೆರಡು ಹೋಳು ಹಾಕಬೇಕು. ಅಲ್ಲಿತನಕ ಸ್ವಚ್ಛ ಐತಿ ಅಂತ ನಾ ಅನ್ನೂದಿಲ್ಲ. ನೀವೂ ಮನ್ಯಾಗ ಅನ್ನಬ್ಯಾಡ್ರಿ."

ಅದೊಂದು ವಿಚಿತ್ರ ಅಪ್ಪಣೆ. ಕೆಟ್ಟದ್ದಲ್ಲ ಎಂದು ತಿಳಿದಿದೆ, ಒಳ್ಳೆಯದು ಎಂದು ತಿಳಿದಿಲ್ಲ. ಈ ಅರ್ಧ ತಿಳಿವನ್ನು ಮುಖದ ಮೇಲೆ ಹೇಗೆ ಇಟ್ಟುಕೊಳ್ಳುವುದು? ಕಮರಿಪೇಟೆಗೆ ಹೋದಾಗ ವೈನಿ ನನ್ನ ಮುಖ ನೋಡುತ್ತಿದ್ದರು, ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದೆ.

"ಎಲ್ಲಾರೂ ಪಿಸುಪಿಸು ಮಾಡಾಕತ್ತೀರಿ. ಹೊಲಿಗಿ ಬಿಟ್ಟಾರೋ ಇಲ್ಲೋ, ಒಂದ ಮಾತು" ಅಂದರು.

"ಇನ್ನೂ ಅಳತಿ ತಗೊಳ್ಳಾಕತ್ಯಾರ್ರಿ ವೈನಿ" ಅಂದೆ. ಅದಕ್ಕಿಂತ ಖರೇ ಮಾತು ನನ್ನ ಹತ್ತಿರ ಇರಲಿಲ್ಲ.

ರಿಪೋರ್ಟ್ ಬಂದದ್ದು ನಮ್ಮ ಓಣಿಯಲ್ಲಿ ನೀರು ಬಂದ ದಿನ. ಬ್ಯಾರಲ್ ಅರ್ಧ ತುಂಬಿತ್ತು. ಫೋನಿನಲ್ಲಿ ಅಣ್ಣ ಏನು ಹೇಳಿದನೆಂದು ನನಗೆ ಮೊದಲು ಗೊತ್ತಾಗಲಿಲ್ಲ, ನಲ್ಲಿಯ ಸದ್ದಿಗೆ. "ಸ್ವಚ್ಛ, ಸ್ವಚ್ಛ" ಎನ್ನುತ್ತಿದ್ದ. ನೀರಿನ ಮಾತಾಡುತ್ತಿದ್ದಾನೆ ಎಂದುಕೊಂಡು, "ಹೂಂ, ಈ ಸಲ ಕೆಂಪು ಇಲ್ಲ" ಅಂದೆ. ಅವನು ಬೈದ. ಆಗ ತಿಳಿಯಿತು. ನಲ್ಲಿ ಬಂದ್ ಮಾಡಿದೆನೋ ಇಲ್ಲವೋ, ಹೊರಟೇಬಿಟ್ಟೆ. ನನ್ನ ಗಂಡ ಆಮೇಲೆ ಒಂದು ವಾರ ಆ ಮಾತು ಆಡಿಕೊಂಡರು.

ವೈನಿ ಎದ್ದು ಕೂತಿದ್ದರು, ಮಷಿನಿನ ಪಕ್ಕದ ಮಣೆಯ ಮೇಲೆ. ಮಷಿನಿನ ಮೇಲಿನ ಸೀರೆ ತೆಗೆದಿತ್ತು. ವಿಭೂತಿಯ ಕಥೆಯನ್ನೆಲ್ಲ ಅಣ್ಣ ಅದಾಗಲೇ ಹೇಳಿಬಿಟ್ಟಿದ್ದ. ಅವರು ಅತ್ತೆಯ ಕಡೆ ನೋಡಿ ನಗಲೂ ಆಗದೆ ಅಳಲೂ ಆಗದೆ, ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಎದೆ ಹಿಡಿದುಕೊಂಡು ಕೂತಿದ್ದರು.

ಅವ್ವನಿಗೆ ಬೇರೆಯದೇ ಚಿಂತೆ. "ಎಲ್ಲಾ ನೋಡೂದು ಮುಗೀತಲ್ಲ. ಇನ್ನ ಅದನ್ನ ಮಣ್ಣು ಮಾಡೂದು ಯಾವಾಗಂತ?"

"ಮಾಡೂದಿಲ್ಲಬೇ" ಅಂದೆ. "ಮೇಣದಾಗ ಹಾಕಿ ಇಟ್ಟಿರತಾರ. ಅಭ್ಯಾಸ ಮಾಡವ್ರಿಗೆ."

"ಎಷ್ಟ ದಿನ?"

"ಭಾಳ ವರ್ಷ ಅಂತ."

"ಆಕಿ ಇಲ್ಲಿ ಕುಂತಿರತಾಳ, ಅದು ಅಲ್ಲಿ ಇರತೈತಿ?" ಅವ್ವ ಅಣ್ಣನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನಗೆ ಇದು ಈಗಲೂ ಪೂರ್ತಿ ತಿಳಿದಿಲ್ಲ. ಮನುಷ್ಯ ಇಲ್ಲಿರುವಾಗ ಅವರದೊಂದು ತುಣುಕು ಊರಾಚೆಯ ಕಪಾಟಿನಲ್ಲಿ, ತನ್ನ ಬಿಸಿಲು-ನೆರಳಿನ ಕಥೆಯನ್ನು, ಮುಟ್ಟಿದವರ ಹೆಸರುಗಳನ್ನು ಕಟ್ಟಿಕೊಂಡು ಇರುವುದು ಒಳ್ಳೆಯದೋ ಏನೋ.

"ಇರಲಿ ಬಿಡ್ರಿ ಅತ್ತಿ" ಅಂದರು ವೈನಿ. "ನಾನ ಸಹಿ ಮಾಡಿ ಕೊಟ್ಟೇನಿ. ಬರೇ ಹೋಗಿಲ್ಲಲ್ಲ, ನೀವು ವಿಭೂತಿ ಹಚ್ಚಿ ಕಳಿಸೀರಿ."

ಅವ್ವ ಚಂಚಿ ಬಿಚ್ಚಿದಳು.

ವೈನಿ ರಿಪೋರ್ಟಿನ ಹಾಳೆ ನನ್ನ ಕೈಗೆ ಕೊಟ್ಟು, "ಅಂಚು ಎಷ್ಟ ಬಿಟ್ಟಾರಂತ? ಓದು" ಅಂದರು. ಗಿಡ್ಡ ದಾರದ ಕಡೆ ಐದು ಮಿಲಿಮೀಟರ್ ಎಂದಿತ್ತು. ಓದಿದೆ. ಅವರು ಕೊರಳಲ್ಲಿದ್ದ ಟೇಪನ್ನು ಬಲಗೈಯಿಂದಲೇ ಎಳೆದು, ಐದನೆಯ ಸಣ್ಣ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಊರಿದರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇಷ್ಟೇ?"

ಇಷ್ಟೇ. ಇಷ್ಟಕ್ಕೇ ನಾವೆಲ್ಲ ಓಡಾಡಿದ್ದು.

ಎಡಗೈ ಎತ್ತಲು ಇನ್ನೂ ಬರುತ್ತಿರಲಿಲ್ಲ. ಗಿರಾಕಿಯೊಬ್ಬಳ ಬ್ಲೌಸ್ ಆಪರೇಷನ್ನಿಗಿಂತ ಮೊದಲೇ ಗೆರೆ ಹಾಕಿ ಇಟ್ಟದ್ದು ಹಾಗೆಯೇ ಉಳಿದಿತ್ತು. ಕತ್ತರಿಯನ್ನು ನನ್ನ ಕಡೆ ತಳ್ಳಿದರು. "ನೀ ಕತ್ತರಸು. ನಾ ಹೇಳ್ತೇನಿ."

ನಾನು ಬಟ್ಟೆ ಹರವಿ ಕೂತೆ. ಸೀಮೆಸುಣ್ಣದ ಗೆರೆ ಮಾಸಿತ್ತು. "ಗೆರಿಯಿಂದ ಎಷ್ಟ ಬಿಡ್ಲಿ ವೈನಿ?"

ಅವರು ಟೇಪಿನ ಮೇಲೆ ಊರಿದ್ದ ಉಗುರನ್ನು ಐದರ ಗೆರೆಯಿಂದ ಎತ್ತಿ, ಬಹಳ ದೂರ ಸರಿಸಿ, ಮತ್ತೆ ಊರಿದರು.

"ಇಷ್ಟ ಬಿಡು. ಡಾಕ್ಟರು ನನಗ ಬಿಟ್ಟಷ್ಟ ಬಿಟ್ರ, ಗಿರಾಕಿ ಬಂದು ನನ್ನ ಮನೀ ಮುಂದ ಕುಂಡ್ರತಾಳ."